ಆಮ್ಲದಲ್ಲಿ ಉಕ್ಕಿನ ನಶಿಸುವಿಕೆಯನ್ನು ತಡೆಯುವ ಸಸ್ಯಸಾರಗಳು

ಸತುವಿನ ಲೇಪನಕ್ಕೆ ಮುನ್ನ ಉಕ್ಕಿನ ತುಕ್ಕನ್ನು ತೆಗೆಯಲು ಹೈಡ್ರೋಕ್ಲೋರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದ ತೊಟ್ಟಿಗಳನ್ನು ಬಳಸಲಾಗುತ್ತದೆ. ಆಮ್ಲವು ತುಕ್ಕಿನೊಡನೆ ಉಕ್ಕನ್ನೂ ಕರಗಿಸುವುದರಿಂದ ಲೋಹ ಮತ್ತು ಆಮ್ಲ ಎರಡೂ ನಷ್ಟವಾಗುತ್ತವೆ. ಇದನ್ನು ತಡೆಯಲು ಆಮ್ಲಕ್ಕೆ ಅಲ್ಪ ಪ್ರಮಾಣದ ನಿರೋಧಕ ದ್ರವ್ಯವನ್ನು ಬೆರೆಸಲಾಗುತ್ತದೆ. ವಿಷಕಾರಿ ರಾಸಾಯನಿಕಗಳಿಗೆ ಪರ್ಯಾಯವಾಗಿ ಬೇವು, ಮದರಂಗಿ ಮುಂತಾದ ಎಲೆಗಳ ಸಾರವನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ. ಅವುಗಳಲ್ಲಿರುವ ಟ್ಯಾನಿನ್ ಮುಂತಾದ ಅಣುಗಳು ಲೋಹದ ಮೇಲ್ಮೈಗೆ ಅಂಟಿಕೊಂಡು ತೆಳುವಾದ ರಕ್ಷಾಪದರವಾಗುತ್ತವೆ. ಉಷ್ಣತೆ ಏರಿದಂತೆ ಈ ರಕ್ಷಣೆ ಸಾಮಾನ್ಯವಾಗಿ ಕುಗ್ಗುತ್ತದೆ.

ವಿಶೇಷ ಸೂಚನೆ: ಸಸ್ಯಸಾರ ಬೆರೆಸಿದ ಮಾತ್ರಕ್ಕೆ ಉಪಯೋಗಿಸಿದ ಆಮ್ಲವು ನಿರಪಾಯಕಾರಿಯಾಗುವುದಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳನ್ವಯ ಅದು ಅಪಾಯಕಾರಿ ತ್ಯಾಜ್ಯವಾಗಿದ್ದು, ಚರಂಡಿಗೆ ಬಿಡತಕ್ಕದ್ದಲ್ಲ. ಘಟಕದಾರರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸಮ್ಮತಿ ಪತ್ರ ಹಾಗೂ ತ್ಯಾಜ್ಯ ನಿರ್ವಹಣೆಯ ಅನುಮತಿಯನ್ನು ಪಡೆಯತಕ್ಕದ್ದು.