ಮಕ್ಕಳ ಜೀವನಾಂಶದ ಲೆಕ್ಕ: ಶಿವಮೊಗ್ಗ ಮತ್ತು ಭದ್ರಾವತಿ

ಗಂಡ ಹೆಂಡತಿ ಬೇರೆಯಾದ ಮೇಲೆ ಮಗು ಒಬ್ಬರ ಬಳಿ ಉಳಿಯುತ್ತದೆ. ಅದರ ಊಟ, ಬಟ್ಟೆ, ಶಾಲೆ, ಔಷಧಿಯ ಖರ್ಚಿಗೆ ಇನ್ನೊಬ್ಬರು ಕಾನೂನಿನಂತೆ ಕೊಡಬೇಕಾದ ಹಣವೇ ಮಕ್ಕಳ ಜೀವನಾಂಶ. ಈ ಮೊತ್ತವನ್ನು ಗೊತ್ತುಮಾಡಲು ಭಾರತದಲ್ಲಿ ಸಿದ್ಧಸೂತ್ರವಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಮಗುವಿದ್ದರೆ ಆದಾಯದ ಶೇ 17, ಇಬ್ಬರಿದ್ದರೆ ಶೇ 25 ಎಂಬ ಸಾಮಾನ್ಯ ಪ್ರಮಾಣವಿದೆ. ಜರ್ಮನಿಯ ನ್ಯಾಯಾಲಯಗಳು 1962ರಿಂದ ಡ್ಯೂಸೆಲ್‌ಡಾರ್ಫ್ ಪಟ್ಟಿಯನ್ನು ನೋಡಿ ಹೇಳುತ್ತವೆ. ಶಿವಮೊಗ್ಗದ ಕುಟುಂಬ ನ್ಯಾಯಾಲಯದ ಮುಂದೆ ಅಂಥ ಪಟ್ಟಿ ಇಲ್ಲ. ಆದಾಯಕ್ಕೆ ಸಿಕ್ಕ ಪುರಾವೆ, ಮಗುವಿನ ಅಗತ್ಯ, ನ್ಯಾಯಾಧೀಶರ ವಿವೇಚನೆ ಈ ಮೂರೂ ಸೇರಿ ಅಂಕಿ ಹುಟ್ಟುತ್ತದೆ. ಆದ್ದರಿಂದ ಜೀವನಾಂಶದ ಚರಿತ್ರೆ ಬಹುಮಟ್ಟಿಗೆ ಪುರಾವೆಯ ಚರಿತ್ರೆಯೂ ಹೌದು. ಭದ್ರಾವತಿಯ ಕಾರ್ಖಾನೆ ಸಂಬಳ ಮತ್ತು ಮಲೆನಾಡಿನ ಅಡಿಕೆ ತೋಟ, ಈ ಎರಡು ಬಗೆಯ ಆದಾಯ ಅಕ್ಕಪಕ್ಕ ಇರುವ ಈ ಸೀಮೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಕೋರ್ಟುಗಳಿಗಿಂತ ಮೊದಲು ಇಂಥ ವ್ಯಾಜ್ಯಗಳನ್ನು ಕುಲದ ಹಿರಿಯರೂ ಊರ ಪಂಚಾಯಿತಿಯೂ ತೀರಿಸುತ್ತಿದ್ದರು. ಬರವಣಿಗೆಯ ಕಾನೂನಿನಲ್ಲಿ ಹೆಂಡತಿ ಮಕ್ಕಳ ಪೋಷಣೆ ಮೊದಲು ಬಂದದ್ದು ಬ್ರಿಟಿಷ್ ಇಂಡಿಯಾದ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ. ಯಾರೂ ನಿರ್ಗತಿಕರಾಗಿ ಬೀದಿಗೆ ಬೀಳಬಾರದು ಎಂಬುದು ಅದರ ಉದ್ದೇಶವಾಗಿತ್ತು. ತಂದೆಯ ಅಂತಸ್ತಿಗೆ ತಕ್ಕಂತೆ ಮಗು ಬೆಳೆಯಬೇಕು ಎಂಬ ಆಲೋಚನೆ ಆಗ ಇರಲಿಲ್ಲ. 1898ರ ಸಂಹಿತೆಯ 488ನೇ ಕಲಂ ತಿಂಗಳಿಗೆ ಗರಿಷ್ಠ 50 ರೂಪಾಯಿ ಎಂದಿತು. ಮುಂದೆ ಅದು 100 ಆಗಿ, 1955ರ ತಿದ್ದುಪಡಿಯಲ್ಲಿ 500 ಆಯಿತು. ಶಿವಮೊಗ್ಗ ಆಗ ಸೇರಿದ್ದ ಮೈಸೂರು ಸಂಸ್ಥಾನವೂ ಇದೇ ಮಾದರಿಯ ಸಂಹಿತೆಯನ್ನು ಪಾಲಿಸಿತ್ತು.

1973ರ ಹೊಸ ಸಂಹಿತೆಯಲ್ಲಿ 488ನೇ ಕಲಂ 125 ಆಯಿತು, ಮಿತಿ ಮಾತ್ರ 500 ರೂಪಾಯಿಯಲ್ಲೇ ನಿಂತಿತು. ತಾಯಿ ಮತ್ತು ಇಬ್ಬರು ಮಕ್ಕಳಿದ್ದರೆ ಮೂವರಿಗೂ ಸೇರಿ ಅಷ್ಟೇ ಹಣವೇ ಎಂಬ ಪ್ರಶ್ನೆಗೆ 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಉತ್ತರ ಕೊಟ್ಟಿತು: ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ. ಹಾಗಿದ್ದರೂ ಬೆಲೆಗಳು ಎಷ್ಟೋ ಪಟ್ಟು ಏರಿದ ನಾಲ್ಕೂವರೆ ದಶಕ 500ರ ಗೆರೆ ಕದಲಲಿಲ್ಲ. ಸಂಸತ್ತು ಅದನ್ನು ತೆಗೆದುಹಾಕಿದ್ದು 2001ರಲ್ಲಿ. ಇಷ್ಟು ಕಾಲ ಒಂದು ಸಂಖ್ಯೆ ಮಕ್ಕಳ ತಟ್ಟೆಯನ್ನು ಅಳೆಯುತ್ತಿದ್ದುದು ನಮ್ಮ ಶಾಸನ ಚರಿತ್ರೆಯ ದೊಡ್ಡ ಅನ್ಯಾಯಗಳಲ್ಲಿ ಒಂದು. ಅದೇ ತಿದ್ದುಪಡಿಯಿಂದ ಕೇಸು ಮುಗಿಯುವ ಮೊದಲೇ ಮಧ್ಯಂತರ ಜೀವನಾಂಶ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಸಿಕ್ಕಿತು. ಸಾಧ್ಯವಾದ ಮಟ್ಟಿಗೆ 60 ದಿನಗಳಲ್ಲಿ ಆ ಅರ್ಜಿ ತೀರ್ಮಾನವಾಗಬೇಕು ಎಂದೂ ಸೇರಿತು.

ಇನ್ನೊಂದು ದಾರಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯದು. ಇದಕ್ಕೆ ರೂಪಾಯಿಯ ಮಿತಿ ಎಂದೂ ಇರಲಿಲ್ಲ. ಇದರ 20ನೇ ಕಲಂ ತಂದೆಯ ಜೊತೆಗೆ ತಾಯಿಯನ್ನೂ ಹೊಣೆಯಾಗಿಸುತ್ತದೆ. ಮಗು ಮದುವೆಯ ಹೊರಗೆ ಹುಟ್ಟಿದ್ದರೂ ಅದರ ಹಕ್ಕು ಕುಂದುವುದಿಲ್ಲ. ಸ್ವಂತ ಗಳಿಕೆಯಿಲ್ಲದ ಅವಿವಾಹಿತ ಮಗಳಿಗೆ 18 ತುಂಬಿದ ಮೇಲೂ ಹಕ್ಕಿದೆ. ಮೊತ್ತ ನಿರ್ಧರಿಸುವಾಗ ಏನೇನು ನೋಡಬೇಕು ಎಂಬುದು 23ನೇ ಕಲಂನಲ್ಲಿದೆ. ಮುಸ್ಲಿಂ ಮಕ್ಕಳ ವಿಷಯದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್, ತಾಯಿಗೆ ತಲಾಖ್ ಆಗಿದ್ದರೂ 125ನೇ ಕಲಂ ಅಡಿಯ ಮಕ್ಕಳ ಹಕ್ಕಿಗೆ ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯ್ದೆ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು.

ಮಿತಿ ಹೋದ ಮೇಲೆ ‘ಹಾಗಾದರೆ ಎಷ್ಟು?’ ಎಂಬ ಪ್ರಶ್ನೆ ಮುಂದೆ ಬಂತು. ವಕೀಲರ ಬಾಯಲ್ಲಿ ಹೆಚ್ಚು ಕೇಳಿಬರುವುದು ಕಾಲುಭಾಗದ ಮಾತು. 1970ರ ಒಂದು ತೀರ್ಪಿನಲ್ಲಿ ಕಾಣಿಸಿದ ಶೇ 25ರ ಅಳತೆಯನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿ ಹಿಡಿಯಿತು. ಇದು ಪತ್ನಿಯ ಜೀವನಾಂಶಕ್ಕೆಂದು ಬಂದ ಅಂದಾಜು, ಮಕ್ಕಳ ಸಂಖ್ಯೆ ಇದರೊಳಗಿಲ್ಲ. ದೆಹಲಿ ಹೈಕೋರ್ಟ್ 2004ರಲ್ಲಿ ಬೇರೆ ಬಗೆ ತೋರಿಸಿತು: ಕುಟುಂಬದ ಒಟ್ಟು ಆದಾಯದಲ್ಲಿ ದುಡಿಯುವ ತಂದೆಗೆ ಎರಡು ಪಾಲು, ಉಳಿದ ಪ್ರತಿಯೊಬ್ಬರಿಗೆ ಒಂದೊಂದು. ಎರಡಕ್ಕೂ ಎಷ್ಟು ಅಂತರ ಎಂದು ನೋಡಲು ಒಂದು ಕಲ್ಪಿತ ಲೆಕ್ಕ ಸಾಕು. ತಂದೆಯ ಕೈಗೆ ಬರುವ ಸಂಬಳ 48,000, ತಾಯಿಗೆ ಆದಾಯವಿಲ್ಲ, ಮಗು ಒಂದು ಎಂದಿಟ್ಟುಕೊಂಡರೆ ಕಾಲುಭಾಗದ ಲೆಕ್ಕದಲ್ಲಿ ತಾಯಿ ಮಗು ಇಬ್ಬರಿಗೂ ಸೇರಿ 12,000. ಪಾಲಿನ ಲೆಕ್ಕದಲ್ಲಿ ಇಬ್ಬರಿಗೂ ತಲಾ 12,000, ಒಟ್ಟು 24,000. ಮಗುವಿನ ದೃಷ್ಟಿಯಿಂದ ಪಾಲಿನ ಲೆಕ್ಕವೇ ಹೆಚ್ಚು ನ್ಯಾಯವಾದದ್ದು, ಏಕೆಂದರೆ ಇನ್ನೊಂದು ಮಗು ಇದ್ದರೆ ಅದು ತಾನಾಗಿಯೇ ಬದಲಾಗುತ್ತದೆ.

ತಾಯಿಯೂ ದುಡಿಯುತ್ತಿದ್ದರೆ? 2000ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಂದೆ ತಾಯಿಯರ ಸಂಬಳದ ಅನುಪಾತ ನೋಡಿ ಮಕ್ಕಳ ಖರ್ಚನ್ನು 2:1ರಂತೆ ಹಂಚಿತು. ಶಿವಮೊಗ್ಗದಂಥ ನಗರದಲ್ಲಿ ಶಿಕ್ಷಕಿಯರು, ನರ್ಸ್‌ಗಳು, ಬ್ಯಾಂಕ್ ಸಿಬ್ಬಂದಿ ಇರುವ ಮನೆಗಳಿಗೆ ಹೊಂದುವ ಕ್ರಮ ಇದು. ಮಗುವಿನ ಖರ್ಚು 9,000 ಇದ್ದು ತಂದೆಗೆ 36,000, ತಾಯಿಗೆ 18,000 ಸಂಬಳವಾದರೆ ತಂದೆ 6,000 ಕೊಡಬೇಕು.

ಈ ಎಲ್ಲ ಲೆಕ್ಕಕ್ಕೂ ಮೊದಲು ಬೇಕಾದದ್ದು ನಿಜವಾದ ಆದಾಯ. ಭದ್ರಾವತಿಯಲ್ಲಿ ಅದು ಒಂದು ಕಾಲಕ್ಕೆ ಸುಲಭವಾಗಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ, ಸರ್ ಎಂ. ವಿಶ್ವೇಶ್ವರಯ್ಯ ಕೈಹಿಡಿದು ನಡೆಸಿದ ಕಬ್ಬಿಣದ ಕಾರ್ಖಾನೆ, ಆಮೇಲೆ 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್, ಈ ಎರಡರ ಸಂಬಳದ ಮೇಲೆ ನ್ಯೂಟೌನ್ ಮತ್ತು ಪೇಪರ್ ಟೌನ್ ಬೆಳೆದವು. ಕಾಯಂ ನೌಕರನ ಸಂಬಳ ಚೀಟಿಯಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಕಡಿತ ಎಲ್ಲವೂ ಬರೆದಿರುತ್ತಿತ್ತು. ಕಾರ್ಖಾನೆಯಿಂದ ದಾಖಲೆ ತರಿಸಿದರೆ ವಾದ ಅರ್ಧ ಮುಗಿದಂತೆ. ಜೀವನಾಂಶದ ಡಿಕ್ರಿ ಜಾರಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಸಂಬಳದ ಮೂರನೇ ಒಂದು ಭಾಗವನ್ನಷ್ಟೇ ಜಪ್ತಿಯಿಂದ ಉಳಿಸುತ್ತದೆ. ಬೇರೆ ಸಾಲ ಕೊಟ್ಟವರಿಗೆ ಇಲ್ಲದ ಈ ಬಲ ಮಕ್ಕಳ ಪರವಾಗಿದೆ.

ಆದರೆ 2015ರಲ್ಲಿ ಪೇಪರ್ ಮಿಲ್‌ನ ಉತ್ಪಾದನೆ ನಿಂತಿತು. 1998ರಲ್ಲಿ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ವಿಐಎಸ್‌ಎಲ್, ಅಂದರೆ ಅದೇ ಹಳೆಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ತಿಂಗಳ ಸಂಬಳದ ಮೇಲೆ ನಿಗದಿಯಾದ ಜೀವನಾಂಶ ಇಂಥ ಹೊತ್ತಿನಲ್ಲಿ ಅಲುಗಾಡುತ್ತದೆ. ಪರಿಸ್ಥಿತಿ ಬದಲಾದರೆ ಮೊತ್ತ ಇಳಿಸಲು ಅಥವಾ ಏರಿಸಲು ಹಳೆಯ ಸಂಹಿತೆಯ 127ನೇ ಕಲಂ ಅವಕಾಶ ಕೊಟ್ಟಿತ್ತು. ಕೆಲಸ ಹೋದವನ ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯನ್ನು ಆಯಾ ಕಾಯ್ದೆಗಳು ಜಪ್ತಿಯಿಂದ ಕಾಪಾಡುತ್ತವೆ. ಹಾಗಾಗಿ ಕೊನೆಯ ಗಂಟು ಕೈಗೆ ಬರುವ ಹೊತ್ತಿಗೇ ಮಗುವಿನ ಪಾಲು ದೂರವಾಗಬಹುದು. ಕೆಲಸವಿಲ್ಲ ಎಂಬ ಮಾತೊಂದೇ ಹೊಣೆಯನ್ನು ತೊಡೆಯುವುದಿಲ್ಲ. ದೇಹ ಗಟ್ಟಿಯಿರುವ ತಂದೆ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಪುರಾವೆ ಏನೂ ಸಿಗದಾಗ ನ್ಯಾಯಾಲಯಗಳು ಕನಿಷ್ಠ ವೇತನವನ್ನು ಆಧಾರವಾಗಿಟ್ಟುಕೊಳ್ಳುವುದೂ ಉಂಟು.

ಅಡಿಕೆಯ ಲೆಕ್ಕ ಇದಕ್ಕಿಂತ ಕಷ್ಟ. ತೋಟದ ಹಣ ತಿಂಗಳಿಗೆ ಬರುವುದಿಲ್ಲ, ಕೊಯ್ಲಿನ ಮೇಲೆ ಬರುತ್ತದೆ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದಕ್ಕೆ ಒಂದೊಂದು ಧಾರಣೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ತೆರಿಗೆ ವಿವರ ನೋಡಿ ತಿಳಿಯುವುದೂ ಅಪರೂಪ. ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದರೆ ಫಸಲಿನ ಹಣ ಚೇಣಿದಾರನ ಲೆಕ್ಕದಲ್ಲಿರುತ್ತದೆ. ಪಹಣಿ ಅಜ್ಜನ ಹೆಸರಿನಲ್ಲೇ ಇದ್ದರೆ ಮಗನಿಗೆ ಏನೂ ಇಲ್ಲ ಎಂಬ ವಾದ ಹೊರಡುತ್ತದೆ. ಪಹಣಿ, ಮ್ಯೂಟೇಶನ್, ಅಡಿಕೆ ಮಾರಾಟ ಸಹಕಾರ ಸಂಘವಾದ ಮಾಮ್‌ಕೋಸ್ ಅಥವಾ ಮಂಡಿಯ ಬಿಲ್ಲು, ಸಹಕಾರ ಸಂಘದ ಬೆಳೆ ಸಾಲದ ದಾಖಲೆ ಜೋಡಿಸಿಕೊಂಡು ಬಂದ ತಾಯಿಗೆ ಸಿಗುವ ಮೊತ್ತಕ್ಕೂ ಬರಿಗೈಯಲ್ಲಿ ಬಂದವಳಿಗೆ ಸಿಗುವ ಮೊತ್ತಕ್ಕೂ ಬಹಳ ವ್ಯತ್ಯಾಸವಾಗುತ್ತದೆ.

ಈ ಅಸಮತೆಯನ್ನು ನೇರವಾಗಿ ಮುಟ್ಟಿದ್ದು ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪು. ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ ಎರಡೂ ಕಡೆಯವರು ಆಸ್ತಿ, ಆದಾಯ, ಸಾಲದ ವಿವರಗಳ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ಕೃಷಿ ಹಿನ್ನೆಲೆಯವರಿಗೆ ಬೇರೆಯೇ ನಮೂನೆ ಕೊಟ್ಟಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದಿತು. ಮೊದಲು ಕೆಲವು ಕಡೆ ಆದೇಶದ ದಿನದಿಂದ ಎಣಿಸುತ್ತಿದ್ದರು, ಕೇಸು ಎಳೆದಷ್ಟೂ ಮಗುವಿಗೆ ನಷ್ಟವಾಗುತ್ತಿತ್ತು. ಭವಿಷ್ಯನಿಧಿ ವಂತಿಗೆ, ಮನೆ ಬಾಡಿಗೆಯಂಥ ಕಡಿತಗಳನ್ನು ತೋರಿಸಿ ಸಂಬಳ ಕಡಿಮೆ ಎಂದು ವಾದಿಸುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2024ರಲ್ಲಿ ಹೇಳಿತು.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದ್ದು, 125ರ ಜಾಗದಲ್ಲಿ 144ನೇ ಕಲಂ, 127ರ ಜಾಗದಲ್ಲಿ 146ನೇ ಕಲಂ ಬಂದಿವೆ. ಅರ್ಜಿಯನ್ನು ತಾಯಿ ಈಗ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು; ಬೆಂಗಳೂರಿನ ಗಂಡನ ಮನೆಯಿಂದ ಭದ್ರಾವತಿಯ ತವರಿಗೆ ಬಂದವಳು ಮತ್ತೆ ಅಲ್ಲಿಗೆ ಅಲೆಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಅದಕ್ಕೆ ಜಿಲ್ಲಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಅರ್ಜಿ ಕೊಡಬೇಕು. ಬಾಕಿ ಉಳಿಸಿಕೊಂಡ ತಂದೆಯ ಮೇಲೆ ವಾರಂಟ್ ಹೊರಡಿಸಬಹುದು, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಆ ವಾರಂಟಿಗಾಗಿ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಬೀಳಬೇಕು. ವರ್ಷ ವರ್ಷ ತಾನಾಗಿ ಏರುವ ಷರತ್ತನ್ನು ಆದೇಶದಲ್ಲೇ ಬರೆಸದಿದ್ದರೆ, ಮಗು ಅಂಗನವಾಡಿಯಿಂದ ಪಿಯುಸಿಗೆ ಬರುವಷ್ಟರಲ್ಲಿ ಏರಿದ ಪ್ರತಿ ಖರ್ಚಿಗೂ ತಾಯಿ 146ನೇ ಕಲಂ ಹಿಡಿದು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.