ಹರಿಕಾರನ ಗೆಜ್ಜೆ

ಶಿಕಾರಿಪುರದ ಹೆಸರಿನಲ್ಲೇ ಬೇಟೆಯಿದೆ; ಪಕ್ಕದ ಸೊರಬವೂ ಕಾಡಿನ ಸೀಮೆಯೇ. ಇಲ್ಲಿಯ ವೀರಗಲ್ಲುಗಳನ್ನು ಕಂಡಾಗಲೆಲ್ಲ ನನಗೆ ಹಿಂದಿನವರ ಋಣಪ್ರಜ್ಞೆ ನೆನಪಾಗುತ್ತದೆ. ಊರಿಗಾಗಿ ಮಡಿದವನ ಮನೆತನಕ್ಕೆ ‘ನೆತ್ತರುಗೊಡಗೆ’ಯೆಂದು ಭೂಮಿ ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿತ್ತು.

ಊರಿನ ಕೆಲಸಕ್ಕೆ ಜೀವ ಒಡ್ಡಿದ ಇನ್ನೊಬ್ಬ ಅಂಚೆಯ ಹರಿಕಾರ. ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿತು. ಕಾಡುದಾರಿಯಲ್ಲಿ ಓಡುವ ಹರಿಕಾರನಿಗೆ ಈಟಿ, ಗೆಜ್ಜೆಗಳೇ ರಕ್ಷೆ. ಹುಲಿಯ ಭಯ ಅವನಿಗೂ ಗೊತ್ತಿತ್ತು, ಕಳಿಸಿದವರಿಗೂ ಗೊತ್ತಿತ್ತು.

ಇಂದು ನಮ್ಮ ಮನೆಬಾಗಿಲಿಗೆ ಊಟ ತರುವ ಹುಡುಗನಿಗೆ ಲಾರಿಯೇ ಹುಲಿ. ಅಪಾಯ ಅವನಿಗೆ ತಿಳಿಯದೆಂದಲ್ಲ. ತಡವಾದರೆ ಕೂಲಿಗೆ ಕುತ್ತೆಂಬ ಅಂಜಿಕೆ. 2025ರಲ್ಲಿ ಕರ್ನಾಟಕ ಇಂಥವರ ಕ್ಷೇಮನಿಧಿಗೆ ಕಾಯಿದೆ ಮಾಡಿತು. ನೆತ್ತರುಗೊಡಗೆಯ ನಾಡಿಗೆ ಅದು ತಕ್ಕದ್ದೇ. ಆದರೆ ನೆತ್ತರು ಹರಿಯದಂತೆ ನೋಡುವುದು, ಹತ್ತು ನಿಮಿಷ ಕಾಯಬಲ್ಲ ನಮ್ಮ ಕೈಯಲ್ಲೂ ಇದೆ.