ವಿಂಡರ್ಮಿಯರ್ ಸರೋವರದ ವಸಂತಪ್ಲವಕಗಳು

ನೀರಿನಲ್ಲಿ ತೇಲಿಕೊಂಡಿರುವ ಸೂಕ್ಷ್ಮಜೀವಿಗಳಿಗೆ ಪ್ಲವಕಗಳೆಂದು ಹೆಸರು. ಇಂಗ್ಲೆಂಡಿನ ವಾಯವ್ಯ ಭಾಗದ ವಿಂಡರ್ಮಿಯರ್ ಸರೋವರದಲ್ಲಿ ಇವುಗಳ ಪೈಕಿ ಆಸ್ಟೆರಿಯೊನೆಲ್ಲ ಎಂಬ ಡಯಾಟಮ್ ಸಸ್ಯವು ವಸಂತದಲ್ಲಿ ಅಪಾರವಾಗಿ ವೃದ್ಧಿಹೊಂದಿ, ಬೇಸಗೆಯು ಮೊದಲಾಗುತ್ತಲೇ ಕ್ಷಯಿಸುವುದು. ಬೆಳಕೂ ಬಿಸಿಲೂ ಹೆಚ್ಚುವ ಕಾಲದಲ್ಲಿಯೇ ಅದು ಅಳಿಯುವುದೇಕೆ ಎಂಬುದು ವಿದ್ವಾಂಸರ ಮುಂದಿದ್ದ ಪ್ರಶ್ನೆ.

ನೀರಿನಲ್ಲಿ ಕರಗಿರುವ ಪದಾರ್ಥಗಳಿಗೂ ಪ್ಲವಕಗಳ ಏರಿಳಿತಕ್ಕೂ ಸಂಬಂಧವುಂಟೆಂದು ಡಬ್ಲ್ಯು. ಎಚ್. ಪಿಯರ್ಸಾಲರು 1932ರಲ್ಲಿ ಪ್ರತಿಪಾದಿಸಿದರು. 1945ರಿಂದ ಜೆ. ಡಬ್ಲ್ಯು. ಜಿ. ಲುಂಡರು ವಾರವಾರವೂ ಸರೋವರದ ನೀರನ್ನು ತರಿಸಿ, ಜೀವಕೋಶಗಳನ್ನೆಣಿಸುವ ಕಾರ್ಯವನ್ನು ನಡೆಸಿದರು. ಅದರ ಫಲವು 1950ರಲ್ಲಿ ಪ್ರಕಟವಾಯಿತು. ಡಯಾಟಮ್ಮಿನ ಕವಚವು ಸಿಲಿಕದಿಂದಾದುದು. ಸಸ್ಯವು ಹೆಚ್ಚಿದಂತೆಲ್ಲ ನೀರಿನ ಸಿಲಿಕವು ಕುಗ್ಗುವುದು. ಲೀಟರಿಗೆ ಸುಮಾರು 0.5 ಮಿಲಿಗ್ರಾಮಿಗಿಂತ ಕೆಳಗಿಳಿದರೆ ವೃದ್ಧಿಯು ನಿಲ್ಲುವುದು. ಆದುದರಿಂದ ಅದರ ಅಭ್ಯುದಯವೇ ಅದರ ಅವನತಿಗೆ ಕಾರಣವಾಗುವುದು.

ಆದರೆ ಕ್ಷಯಕ್ಕೆಲ್ಲ ಇದೊಂದೇ ಕಾರಣವೆನ್ನುವಂತಿಲ್ಲ. ಪರೋಪಜೀವಿ ಶಿಲೀಂಧ್ರಗಳ ಹಾವಳಿಯಿಂದಲೂ ಈ ಸಸ್ಯದ ಸಂಖ್ಯೆಯು ತಗ್ಗುವುದೆಂದು ಹಿಲ್ಡಾ ಕ್ಯಾಂಟರ್ ಮತ್ತು ಲುಂಡರು 1948ರಲ್ಲಿಯೇ ತೋರಿಸಿಕೊಟ್ಟಿದ್ದರು. ಋತುವು ಒಂದೇ ಆಗಿದ್ದರೂ ಅಳಿವಿನ ಕಾರಣಗಳು ಬೇರೆಬೇರೆಯಾಗಿರಬಹುದು. ಅವುಗಳನ್ನು ಬೇರ್ಪಡಿಸಿ ತಿಳಿಯಲು ವರ್ಷಗಟ್ಟಲೆ ಎಡೆಬಿಡದೆ ನಡೆದ ಎಣಿಕೆಯೇ ಆಧಾರವಾಯಿತು.